ಸಾಹುಕಾರರ ಕಾರಿನ ಹಿಂದೆ

ರೇಸಿನ ಹುಚ್ಚು ಅಂತೇನೂ ನನಗಿರಲಿಲ್ಲ. ಎಂಜಿನ್ ಒಳಗೆ ಏನಿರುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಅರಸೀಕೆರೆಯ ಟೆಂಟಿನಲ್ಲಿ ಸಿನಿಮಾಕ್ಕೆ ಮೊದಲು ವಾರ್ತಾಚಿತ್ರ ತೋರಿಸುತ್ತಿದ್ದರು. ಅದರಲ್ಲಿ ಒಮ್ಮೊಮ್ಮೆ ಕಾರಿನ ರೇಸೋ ಮೋಟಾರ್ ಸೈಕಲ್ಲಿನ ರೇಸೋ ಬರುತ್ತಿತ್ತು. ಮಂತ್ರಿಗಳು ಶಂಕುಸ್ಥಾಪನೆ ಮಾಡುವುದನ್ನೆಲ್ಲ ಸಹಿಸಿಕೊಂಡು ಅದಕ್ಕಾಗಿ ಕಾಯುತ್ತಿದ್ದೆ. ನನಗೆ ಬೇಕಾಗಿದ್ದುದು ಒಂದೇ, ಹಿಂದಿದ್ದವನು ತಿರುವಿನಲ್ಲಿ ಓರೆಯಾಗಿ ಬಾಗಿ ಮುಂದಿದ್ದವನನ್ನು ದಾಟಿ ಹೋಗುವುದು. ಮುಂದಿದ್ದವನು ಯಾರ ಮಗ, ಅವನಿಗೆಷ್ಟು ತೋಟವಿದೆ ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಮ್ಮ ಯಜಮಾನರು ಅರಸೀಕೆರೆಯಲ್ಲೇ ಹೈಸ್ಕೂಲಿಗೆ ಗಣಿತದ ಮೇಷ್ಟರು. ಸ್ಕೂಲು ನಡೆಸುತ್ತಿದ್ದುದು ಊರಿನ ಒಂದು ಕಮಿಟಿ; ಅದರ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು. ಇವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಮಿಲಿಟರಿಯಿಂದ ನಿವೃತ್ತರಾದ ಒಬ್ಬರ ಹಳೆಯ ಮೋಟಾರ್ ಸೈಕಲ್ಲನ್ನು ಆಸೆಪಟ್ಟು ಕೊಂಡಿದ್ದರು. ಭಾನುವಾರ ಅದರ ಮೇಲೆ ಕೂತು ಜಾವಗಲ್ ದಾರಿಯಾಗಿ ಹಳೇಬೀಡಿಗೆ, ನನ್ನ ತವರಿಗೆ ಹೋಗಿಬರುತ್ತಿದ್ದೆವು.

ಒಂದು ಭಾನುವಾರ ಜಾವಗಲ್ ಕಳೆದ ಮೇಲೆ ಮುಂದೆ ಸಾಹುಕಾರರ ಕಾರು ಸಿಕ್ಕಿತು. ಊರಿಗೇ ದೊಡ್ಡ ಕಾರು. ಓಡುತ್ತಿದ್ದುದು ಮಾತ್ರ ಎತ್ತಿನ ಗಾಡಿಯ ಹಾಗೆ. ಹೊಸ ಬಣ್ಣಕ್ಕೆ ಕಲ್ಲು ಸಿಡಿಯಬಾರದೆಂದು ಡ್ರೈವರಿಗೆ ಅಪ್ಪಣೆಯಂತೆ. ಎದ್ದ ಧೂಳೆಲ್ಲ ನಮ್ಮ ಬಾಯಿಗೆ.

"ದಾಟ್ರೀ, ದಾರಿ ಖಾಲಿ ಇದೆ," ಅಂದೆ.

"ಸಾಹುಕಾರ್ರ ಕಾರು ಕಣೇ."

"ಇರ್ಲಿ. ರಸ್ತೆ ಅವರದಲ್ವಲ್ಲ."

ಇವರು ಹಾರ್ನ್ ಹೊಡೆದು, ಬಲಕ್ಕೆ ಎಳೆದು, ದಾಟಿಯೇ ಬಿಟ್ಟರು. ನಾನು ಸೆರಗು ಬಿಗಿಹಿಡಿದುಕೊಂಡು ನಕ್ಕೆ. ಇವರೂ ನಕ್ಕರು. ಮದುವೆಯಾದಾಗಿನಿಂದ ಇವರು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಸೋಮವಾರ ಸ್ಕೂಲಿನಿಂದ ತಡವಾಗಿ ಬಂದವರು ಉಂಡು ಮಲಗಿಬಿಟ್ಟರು. ನನಗೆ ವಿಷಯ ತಿಳಿದದ್ದು ಮರುದಿನ, ಸ್ಕೂಲಿನ ಜವಾನನಿಂದ.

"ಮಂಡಿಗೆ ಕರೆಸಿದ್ರು ಅಮ್ಮಾವ್ರೇ. ಎಲ್ಲಾರ ಎದುರ್ಗೂ ನಿಲ್ಲಿಸ್ಕಂಡು, 'ಏನ್ ಮೇಷ್ಟ್ರೇ, ಸಂಬಳ ಕೊಡೋರ ಮುಖಕ್ಕೇ ಧೂಳು ಎರಚ್ತೀರಾ' ಅಂದ್ರು. ಮೇಷ್ಟ್ರು ತಪ್ಪಾಯ್ತು ಅಂದ್ರು. ಇನ್ಮ್ಯಾಕೆ ಕಾರು ಕಂಡ್ರೆ ಹಿಂದೇನೇ ಇರ್ಬೇಕಂತೆ."

ಮೈಯೆಲ್ಲ ಉರಿದುಹೋಯಿತು. ಏನು ತಪ್ಪು? ಇವರೇನು ಅವರ ತೋಟಕ್ಕೆ ನುಗ್ಗಿದ್ದರೇ, ಕೊಬ್ಬರಿ ಕದ್ದಿದ್ದರೇ? ಮಕ್ಕಳಿಗೆ ವೇಗ, ದೂರ, ಕಾಲದ ಲೆಕ್ಕ ಹೇಳಿಕೊಡುವ ಮನುಷ್ಯ, ಸರ್ಕಾರದ ರಸ್ತೆಯಲ್ಲಿ ಸ್ವಲ್ಪ ಬೇಗ ಹೋದದ್ದಕ್ಕೆ ಕೊಬ್ಬರಿ ಮೂಟೆಗಳ ನಡುವೆ ಕೈಕಟ್ಟಿ ನಿಲ್ಲಬೇಕೇ? ಧೂಳು ತಿಂದವರು ನಾವು, ಧೂಳು ಎರಚಿದ ಆಪಾದನೆಯೂ ನಮಗೇ. ಸಾಹುಕಾರರ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ, ತಪ್ಪಾಯ್ತು ಅಂದು ಬಂದ ಇವರ ಮೇಲೆ ಬಂದದ್ದು ಎರಡು ಪಾಲು.

"ದಾಟಿ ಅಂದವಳು ನಾನು. ಹಾಗಂತ ಹೇಳ್ಬೇಕಿತ್ತು," ಅಂದೆ, ಸಂಜೆ ಇವರು ಮನೆಗೆ ಬಂದಾಗ.

"ಕೆಲಸ ಕಾಯಂ ಆಗ್ಲಿ, ಸುಮ್ನಿರೇ," ಅಂದರು.

ಕೆಲವು ವಾರ ಕಳೆದು, ಅದೇ ದಾರಿಯಲ್ಲಿ ಅದೇ ಕಾರು ಮತ್ತೆ ಸಿಕ್ಕಿತು. ಇವರು ವೇಗ ತಗ್ಗಿಸಿ ಹಿಂದೆ ಸೇರಿಕೊಂಡರು. ಎದುರಿಗೆ ಒಂದು ಎಮ್ಮೆಯೂ ಇಲ್ಲ. ಕಾರು ನಿಧಾನವಾದರೆ ಇವರೂ ನಿಧಾನ. ಸ್ವಲ್ಪ ದೂರ ಹೋದ ಮೇಲೆ ಡ್ರೈವರು ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಕ್ಯಾನಿನಿಂದ ನೀರು ಹುಯ್ಯತೊಡಗಿದ. ಇವರೂ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ಕಾದರು. ನಿಂತ ಕಾರನ್ನೂ ದಾಟಬಾರದೇ?

ನಾನು ಇಳಿದೆ.

"ಎಲ್ಲಿಗೇ?"

"ಬಸ್ಸಲ್ಲಿ ಬರ್ತೀನಿ. ನೀವು ಮೆರವಣಿಗೆ ಮುಗಿಸ್ಕೊಂಡು ಬನ್ನಿ."

ಇವರು ನನ್ನ ಮುಖ ನೋಡಿದರು, ಕಾರಿನ ಕಡೆ ನೋಡಿದರು. ಅಷ್ಟರಲ್ಲಿ ಕಾರು ಹೊರಟಿತು. ಇವರೂ ಹೊರಟರು. ನಾನು ರಸ್ತೆಯ ಬದಿಗೆ ಒಬ್ಬಳೇ ನಿಂತೆ.

ಪುಣ್ಯಕ್ಕೆ ಹಳೇಬೀಡಿನ ಬಸ್ಸು ಬೇಗ ಬಂತು. ಕೈ ತೋರಿಸಿ ಹತ್ತಿದೆ. ಬಸ್ಸಿನವನಿಗೆ ಸಾಹುಕಾರರ ಹಂಗಿರಲಿಲ್ಲ. ಹಾರ್ನ್ ಹೊಡೆಯುತ್ತ ಇಬ್ಬರನ್ನೂ ದಾಟಲು ಹೊರಟ. ಮೊದಲು ಕಿಟಕಿಯ ಕೆಳಗೆ ಇವರು ಕಂಡರು. ಹುಬ್ಬು, ಮೀಸೆ, ಅಂಗಿಯ ಕಾಲರು ಎಲ್ಲ ಧೂಳು. ತಲೆ ಎತ್ತಿ ನನ್ನನ್ನು ನೋಡಿ ನಗಲು ಹೋದರು. ನಾನು ನಗಲಿಲ್ಲ.

ಆಮೇಲೆ ಕಾರು ಕಂಡಿತು. ಹಿಂದಿನ ಸೀಟಿನಲ್ಲಿ ಸಾಹುಕಾರರು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಯಾರು ಹಿಂದಿದ್ದಾರೆ, ಯಾರು ದಾಟಿ ಹೋದರು, ಅವರಿಗೆ ಯಾವುದರ ಪರಿವೆಯೂ ಇರಲಿಲ್ಲ. ಸಿಟ್ಟಿಗೆ ನನಗೆ ಅಳುವೇ ಬಂತು. ಕತ್ತು ಹೊರಳಿಸಿ ನೋಡಿದರೆ, ಇವರು ಇನ್ನೂ ಕಾರಿನ ಹಿಂದೆಯೇ ಬರುತ್ತಿದ್ದರು.