ಅವ್ವ ಎರೆದ ಬೇವಿನ ಸಸಿ

ಆಗ ನನಗ ಒಂಬತ್ತು ವರ್ಷ. ಅರವತ್ತು ವರ್ಷದ ಮ್ಯಾಲಾತು. ಮೊನ್ನೆ ಗಿಣಿಗೇರಾ ಕಡೆ ನರ್ಸರಿಯಾಗ ಸಸಿ ಚೀಲ ತುಂಬುವಾಗ ಮಣ್ಣಿಗೆ ಕಲಸೋ ಒಂದು ಪುಡಿ ಪಾಕೀಟು ಬಿಚ್ಚಿದೆ. ಎಲಿ ಕೊಳೆತ ಹಸಿ ಮಣ್ಣಿನ ವಾಸನಿ, ನಮ್ಮ ಹಿತ್ತಲ ದೊಡ್ಡ ಬೇವಿನ ಬುಡದ ವಾಸನಿ. ಆ ಬೇವೂ ಇಲ್ಲ, ಮನಿನೂ ಇಲ್ಲ. ಅಲ್ಲೀಗ ಲಾರಿ ನಿಲ್ಲತಾವ.

ಆ ವರ್ಷ ನಮ್ಮವ್ವ ಗಂಡು ಕೂಸು ಹಡೆದಳು. ನೀರು ಎರಿಯೋಕಿಂತ ಮೊದಲ ಸತ್ತಿತು. ಹಿತ್ತಲದಾಗ ಆಳಕ್ಕ ತೋಡಿ ಹೂತರು. ಹೂತಲ್ಲಿ ಬೇವಿನ ಸಸಿ ಹಚ್ಚೋದು ನಮ್ಮ ಮನಿ ಪದ್ಧತಿ. ಸಸಿ ಹತ್ತಿದರ ಮುಂದಿನ ಕೂಸು ಉಳಿತೈತಿ ಅನ್ನೋರು. ಆಯಿ, ಅಂದರ ಅಪ್ಪನ ಅವ್ವ, ದೊಡ್ಡ ಬೇವಿನ ಬುಡದಿಂದ ಒಂದು ಸಸಿ ಮಣ್ಣಿನ ಹೆಂಟಿ ಸಮೇತ ಕಿತ್ತು ತಂದಳು. "ಬೂಷ್ಟು ನಾರತೈತ್ರಿ ಅತ್ತಿ" ಅಂದಳು ಅವ್ವ. ಕಾಲು ಚಾಚಿ ಕುಂತು, ಸಸಿ ಕಾಲ ಮ್ಯಾಲೆ ಮಲಗಿಸಿಕೊಂಡು, ಅರಿಷಿಣ ಕಲಸಿದ ಬಿಸಿನೀರು ಎರದು ಬೇರು ಬೆಳ್ಳಗಾಗೂಮಟ ತಿಕ್ಕಿದಳು. "ಎಣ್ಣಿನೂ ಹಚ್ಚು, ತೊಟ್ಟಿಲಾಗ ಹಾಕು" ಅಂದಳು ಆಯಿ.

ಕೂಸು ಹೂತ ತೆಗ್ಗಿನ ತಳದಿಂದ ಬಂದ ಬರೀ ಗರಸಿನಾಗ, ಸತ್ವ ಇಲ್ಲದ ಕಲ್ಲುಮಣ್ಣಿನಾಗ, ಹಚ್ಚಿದರು. ಅವ್ವ ಗೊಬ್ಬರ ಹಾಕಿದಳು, ದಿನಾ ನೀರು ಹಾಕಿದಳು. ಗೇಣುದ್ದ ಇದ್ದದ್ದು ಗೇಣುದ್ದನ ಉಳೀತು. ಎಲಿ ಹಳದಿಯಾಗಿ ಉದುರಿದವು, ಬ್ಯಾಸಗ್ಯಾಗ ಒಣಗಿತು. ಆಯಿ ಓಣಿ ಮಂದಿ ಮುಂದ, "ಇಕಿ ಕೈ ಸುಡುಗಾಡು. ಕೂಸೂ ಉಳೀಲಿಲ್ಲ, ಗಿಡಾನೂ ಉಳೀಲಿಲ್ಲ" ಅಂದಳು. ಮುಂದ ಎರಡು ಕೂಸು ಹುಟ್ಟಿ ಉಳಿದವು. ಒಂದಕ್ಕೂ ಅವ್ವ ತನ್ನ ಕೈಲೆ ಎರೀಲಿಲ್ಲ. ನಾನ ಎರದೆ.

ನರ್ಸರಿ ನಡಸೋ ಮೇಡಮ್ಮಾರು ಹೇಳಿದರು: "ಈ ಪುಡಿಯಾಗ ಇರೋದು ಬೂಷ್ಟು, ಅಮ್ಮಾ. ಬೇರಿಗೆ ಅಂಟಿ ಬದುಕತೈತಿ. ಬೇರು ಮುಟ್ಟದ ಜಾಗದಿಂದ ಸಾರ ತಂದು ಗಿಡಕ್ಕ ಕೊಡತೈತಿ, ಗಿಡ ಅದಕ್ಕ ಸಕ್ಕರಿ ಕೊಡತೈತಿ. ಅದಿಲ್ಲಂದರ ಗೊಬ್ಬರ ಬುಡದಾಗಿದ್ದರೂ ಗಿಡ ಅರೆಹೊಟ್ಟಿ."

"ಬೇರು ಅರಿಷಿಣ ನೀರಿಲೆ ತೊಳದರ?" ಅಂತ ಕೇಳಿದೆ.

"ಯಾರರ ತೊಳಿತಾರೇನು?" ಅಂತ ನಕ್ಕರು.

ನಾ ಮತ್ತೊಂದು ಚೀಲಕ್ಕ ಮಣ್ಣು ತುಂಬಿದೆ. ಅವ್ವಗ ಹೇಳಬೇಕಂದರ ಅಕಿ ಈಗಿಲ್ಲ. ಇದ್ದಿದ್ದರ ಏನು ಹೇಳತಿದ್ದೆ? ತೊಳದದ್ದೂ ಅಕಿ ಕೈನ.

ಆಯಿ ಕೈ ಸುಡುಗಾಡು ಅಂದ ದಿನ ಸಂಜಿಕ ಅವ್ವ ಆ ಒಣಗಿದ ಸಸಿ ಕಡ್ಡಿ ಕಿತ್ತು ಒಲಿ ಪಕ್ಕ ಇಟ್ಟಳು. ಬೇರು ಆವತ್ತು ತೊಳದಾಗ ಇದ್ದಂಗ ನುಣ್ಣಗಿತ್ತು. ಮರುದಿನ ಮುಂಜಾನೆ ಅದನ್ನ ಒಲಿಗೆ ಹಾಕಿ, ಅದೇ ಕೈಲೆ ರೊಟ್ಟಿ ಬಡಿದಳು. ನಾ ಉಂಡು ಎಮ್ಮಿ ಹೊಡಕೊಂಡು ಹೋದೆ.