ಎರಡೂ ಕಡೆ ಬೇರಿದ್ದ ಬೇಲಿ

ನಮ್ಮ ಹಿತ್ತಲಿನಲ್ಲಿ ಬೆಳೆದಿದ್ದ ಒಂದು ಮುಳ್ಳುಗಿಡದ ವಿಷಯವಾಗಿ, ಮತ್ತು ಆ ಗಿಡದ ದೆಸೆಯಿಂದ ನಮ್ಮ ಅತ್ತೆಯವರಿಗೆ ಒದಗಿದ ಅವಸ್ಥೆಯ ವಿಷಯವಾಗಿ, ನನಗೆ ನೆನಪಿರುವಷ್ಟನ್ನು ಈ ಮೂಲಕ ಬರೆದಿಡುತ್ತಿದ್ದೇನೆ. ಇದಕ್ಕೆ ಮುಂಚೆ ನಾನು ಸ್ವಂತವಾಗಿ ಏನನ್ನೂ ಬರೆದವಳಲ್ಲ. ಯಜಮಾನರು ಹತ್ತಿಯ ವ್ಯಾಪಾರಕ್ಕೆ ಸಂಬಂಧಪಟ್ಟ ಪತ್ರಗಳನ್ನು ಹೇಳುತ್ತಿದ್ದರು, ನಾನು ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ನನಗೆ ತಿಳಿದಿರುವ ಬರವಣಿಗೆ ಅದೊಂದೇ. ಆದಕಾರಣ ತಪ್ಪುಗಳಿದ್ದಲ್ಲಿ ಓದುವವರು ಮನ್ನಿಸಬೇಕಾಗಿ ಪ್ರಾರ್ಥನೆ.

ನಾನು ಹೊಳಗುಂದದ ಕಡೆಯಿಂದ ಆದವಾನಿಗೆ ಸೊಸೆಯಾಗಿ ಬಂದಾಗ ಯಜಮಾನರೂ ಅವರ ತಮ್ಮನೂ ಒಂದೇ ಅಂಗಡಿಯಲ್ಲಿ ಕೂಡುತ್ತಿದ್ದರು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಪಾಲಾದರು. ಬಜಾರಿನ ಬೀದಿಗೆ ಬಾಗಿಲಿದ್ದ ಮನೆ ನಮಗೆ ಬಂದಿತು. ಹಿತ್ತಲಿನ ಆ ತುದಿಯಲ್ಲಿದ್ದ ಹತ್ತಿಯ ಉಗ್ರಾಣ ಮೈದುನನ ಪಾಲಿಗೆ ಹೋಯಿತು. ಆತನು ಅದನ್ನು ವಾಸಕ್ಕೆ ತಕ್ಕಂತೆ ಮಾಡಿಕೊಂಡು ಹಿಂದಿನ ಗಲ್ಲಿಗೆ ಬಾಗಿಲು ತೆಗೆಸಿದನು. ನಡುವಿನ ಹಿತ್ತಲನ್ನು ಹಿರಿಯರು ಬಂಡೆಕಲ್ಲಿನ ಸಾಲಿಟ್ಟು ಎರಡು ಮಾಡಿದರು. ಆ ಸಾಲಿನ ಮೇಲೆಯೇ ಬಾವಿ ಬಿದ್ದುದರಿಂದ ಅದು ಇಬ್ಬರಿಗೂ ಸೇರಿತು. ಅವರು ಆ ಕಡೆಯ ರಾಟೆಯಲ್ಲಿ ಸೇದಬೇಕು, ನಾವು ಈ ಕಡೆಯ ರಾಟೆಯಲ್ಲಿ. ಗಡಿಯ ಹತ್ತಿರ ಒಂದು ನುಗ್ಗೆಯ ಗಿಡವಿದ್ದು ಅದರ ಕೊಂಬೆಗಳು ಎರಡೂ ಕಡೆ ಚಾಚಿದ್ದವು. ಬೇರು ಯಾರ ನೆಲದಲ್ಲಿದೆಯೋ ಗಿಡ ಅವರದು, ಇನ್ನೊಬ್ಬರು ಅದಕ್ಕೆ ಕತ್ತಿ ಹಚ್ಚತಕ್ಕದ್ದಲ್ಲ ಎಂದು ಹಿರಿಯರು ತೀರ್ಮಾನ ಹೇಳಿದರು. ಇಬ್ಬರೂ ಒಪ್ಪಿದರು.

ಅತ್ತೆಯವರ ವಿಷಯದಲ್ಲಿಯೂ ತೀರ್ಮಾನವಾಯಿತು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯ ತನಕ ಒಬ್ಬ ಮಗನ ಮನೆ, ಆಮೇಲೆ ಇನ್ನೊಬ್ಬನದು. ಅವರು ಉಣ್ಣುವುದನ್ನು ಮಾತ್ರ ಹಾಗೆ ನಡೆಸಿದರು. ಹಗಲೆಲ್ಲ ಆ ಕಲ್ಲಿನ ಸಾಲನ್ನು ದಾಟಿಕೊಂಡು ಎರಡೂ ಮನೆಗಳಲ್ಲಿ ಓಡಾಡುತ್ತಿದ್ದರು. ನನ್ನ ಮಗಳಂತೂ ಅವರ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ನನ್ನನ್ನು ಅವರು ದೊಡ್ಡಾಕಿ ಎಂದು, ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಸಣ್ಣಾಕಿ ಎಂದು ಕರೆಯುತ್ತಿದ್ದರು.

ಒಂದು ದಿನ ನಮ್ಮ ಕರು ಹಗ್ಗ ಬಿಚ್ಚಿಕೊಂಡು ಹೋಗಿ ನೆಗೆಣ್ಣಿ ಒಣಹಾಕಿದ್ದ ಶಾವಿಗೆಯನ್ನು ತುಳಿದು ತಿಂದಿತು. ಮಾತಿಗೆ ಮಾತು ಬೆಳೆದು, ಮೈದುನನು ಬೇಲಿ ಹಾಕಿಯೇ ತೀರುವುದಾಗಿ ಹೇಳಿದನು. ಆತನಿಗೆ ಹತ್ತಿ ಒತ್ತುವ ಕಾರ್ಖಾನೆಯ ದೊರೆಯ ಬಂಗಲೆಗೆ ಹೋಗಿಬರುವ ಬಳಕೆಯಿತ್ತು. ಆ ದೊರೆ ನೀಲಗಿರಿಯಿಂದ ತರಿಸಿ ನೆಡಿಸಿದ್ದ ಮುಳ್ಳಿನ ಗಿಡವೊಂದು ಅಲ್ಲಿ ಬೇಲಿಯಾಗಿ ಬೆಳೆದಿತ್ತು. ಅದರ ಹೆಸರು ಬ್ಲ್ಯಾಕ್‌ಬೆರಿ. ನಮ್ಮ ಮನೆಯಲ್ಲಿ ಎಲ್ಲರೂ ಬಂಗಲೆ ಬಾರೆ, ಅಂದರೆ ಬಂಗಲೆಯ ಎಲಚಿ, ಎಂದರು. ಮುಳ್ಳಿನ ಗಿಡವನ್ನು ಮನೆಯ ಅಂಗಳದಲ್ಲಿ ಬೆಳೆಸಬಾರದೆಂದು ಅತ್ತೆಯವರು ಆಕ್ಷೇಪಿಸಿದರು. ನೀನು ಹಾಯುವುದಕ್ಕೆ ಬಾವಿಯ ಪಕ್ಕದಲ್ಲಿ ದಾರಿ ಬಿಡುತ್ತೇನೆಂದು ಮಗನು ಮಾತು ಕೊಟ್ಟ ಮೇಲೆ ಸುಮ್ಮನಾದರು. ಆತನು ಹಾಗೆಯೇ ಬಿಟ್ಟನು ಎಂಬುದನ್ನು ಇಲ್ಲಿ ಹೇಳಲೇಬೇಕು.

ನಮ್ಮ ಊರಿನ ಬಿಸಿಲಿಗೆ ಆ ಗಿಡ ನಿಲ್ಲುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ಆದರೆ ಬಾವಿಯ ಹತ್ತಿರದ ನೆಲ ಸದಾ ಹಸಿಯಾಗಿರುತ್ತಿತ್ತು. ಮೈದುನನು ಬಂಗಲೆಯ ಮಾಲಿ ಹೇಳಿಕೊಟ್ಟಂತೆ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ, ಬೇಸಿಗೆಯಲ್ಲಿ ಜೋಳದ ದಂಟಿನ ಚಪ್ಪರ ಮಾಡಿ ನೆರಳು ಕೊಟ್ಟನು. ಹೋದ ವರ್ಷದ ಕೊಂಬೆಗೇ ಈ ವರ್ಷ ಹೂವು, ಹೊಸ ಕೊಂಬೆಗೆ ಬರುವುದಿಲ್ಲ, ಅದನ್ನು ತಿಳಿಯದೆ ಕೊಯ್ದರೆ ಹಣ್ಣಿಲ್ಲ ಎಂದು ನಮ್ಮ ಕಡೆಗೆ ಕೇಳುವಂತೆಯೇ ಹೆಂಡತಿಗೆ ವಿವರಿಸುತ್ತಿದ್ದನು. ಮರುವರ್ಷ ಬಿಳಿಯ ಹೂವು ಬಿಟ್ಟು ಹಣ್ಣೂ ಆಯಿತು. ಹೆಚ್ಚಿನವು ಕೆಂಪಾಗಿದ್ದಾಗಲೇ ಒಣಗಿ ಉದುರಿದವು. ಬಾವಿಯ ಕಡೆಯ ಕೆಲವು ಮಾತ್ರ ಕಪ್ಪಾದವು. ಬಹಳ ಹುಳಿ. ಅತ್ತೆಯವರು ಅವನ್ನು ಸೆರಗಿನಲ್ಲಿ ತಂದು ನನ್ನ ಮಗಳಿಗೆ ತಿನ್ನಿಸಿದಾಗ ಆಕೆಯ ನಾಲಿಗೆ ನೇರಳೆಯಾಯಿತು. ನೆಗೆಣ್ಣಿ ಅದನ್ನು ಕಂಡು, ಬೇಲಿಯ ಮೇಲಿನಿಂದ, "ದೊರೆಗಳ ಹಣ್ಣು ತಿಂದೀಯಲ್ಲ, ಇನ್ನ ಇಂಗ್ಲೀಷ್ ಮಾತಾಡಾಕಿ ನೀನು" ಎಂದು ನಕ್ಕಳು. ಪಾಲಾದ ಮೇಲೆ ಆಕೆ ನಮ್ಮ ಕಡೆ ನೋಡಿ ನಕ್ಕದ್ದು ಅದೊಂದು ಸಲ.

ಆ ವರ್ಷದ ಮಳೆಗಾಲದಲ್ಲಿ ಗಿಡ ಅಳತೆ ಮೀರಿ ಬೆಳೆಯಿತು. ಅದರ ಕೊಂಬೆಗಳು ನೆಟ್ಟಗೆ ನಿಲ್ಲುವುದಿಲ್ಲ. ಉದ್ದವಾಗಿ ಬಿಲ್ಲಿನಂತೆ ಬಾಗಿ, ತುದಿ ಎಲ್ಲಿ ನೆಲವನ್ನು ಮುಟ್ಟುತ್ತದೆಯೋ ಅಲ್ಲಿ ಮಣ್ಣಿನೊಳಗೆ ಹೊಕ್ಕು ಬೇರು ಬಿಡುತ್ತವೆ. ಮಾಲಿ ಇದನ್ನು ಹೇಳಿರಲಿಲ್ಲವೋ, ಹೇಳಿದ್ದನ್ನು ಮೈದುನನು ಮರೆತನೋ ತಿಳಿಯದು. ಕೊಂಬೆಗಳು ಅತ್ತೆಯವರ ದಾರಿಯ ಮೇಲೆ ಹಾದು ನಮ್ಮ ನೆಲದಲ್ಲಿ ತುದಿಯೂರಿದವು. ನೋಡನೋಡುತ್ತ ದಾರಿ ಮುಚ್ಚಿಹೋಯಿತು.

ಅತ್ತೆಯವರು ಮೊದಲು ನಮ್ಮ ಯಜಮಾನರನ್ನು ಕೇಳಿದರು.

"ಯವ್ವಾ, ಗಿಡ ಅವಂದು. ನಾ ಕುಡುಗೋಲು ಹಚ್ಚಿದ್ರ, ಅಣ್ಣ ಬೇಲಿ ಮುರದಾನ ಅಂತ ಹಿರ್‍ಯಾರ ಮುಂದ ನಿಂದ್ರತಾನ" ಎಂದು ಅವರು ಉತ್ತರ ಕೊಟ್ಟರು.

ಮೈದುನನ ಉತ್ತರವೂ ಸಿದ್ಧವಾಗಿತ್ತು. "ತುದಿ ಬೇರು ಬಿಟ್ಟಿದ್ದು ಅಣ್ಣನ ನೆಲದಾಗ. ಈಗ ಅದು ಅವನ ಗಿಡ. ನಾ ಯಾಕ ಮುಟ್ಟಲಿ?"

"ನಿಮ್ಮಿಬ್ಬರನ್ನ ಹಡಿಯಾಕ ನಾ ಯಾವ ಹಿರ್‍ಯಾರನ್ನೂ ಕೇಳಿದ್ದಿಲ್ಲ" ಎಂದು ಹೇಳಿ ಅತ್ತೆಯವರು ಒಳಕ್ಕೆ ಹೋದರು.

ಇಬ್ಬರೂ ಹೇಳಿದ್ದು ತೀರ್ಮಾನಕ್ಕೆ ಅನುಸಾರವಾಗಿಯೇ ಇತ್ತು. ಒಂದೇ ಕೊಂಬೆಗೆ ಎರಡೂ ಕಡೆ ಬೇರಿರುವ ಗಿಡವನ್ನು ಹಿರಿಯರು ಕಂಡಿರಲಿಲ್ಲ. ಅವರಲ್ಲೊಬ್ಬರು ಎಮ್ಮಿಗನೂರಿನಲ್ಲಿ ಮಗಳ ಮನೆಯಲ್ಲಿದ್ದುದರಿಂದ, ಅವರು ಬಂದ ಮೇಲೆ ವಿಚಾರಿಸೋಣವೆಂದು ಉಳಿದವರು ಹೇಳಿ ಕಳುಹಿಸಿದರು.

ಇಂತಹ ಸಮಯದಲ್ಲಿ ನನ್ನ ಮಗಳಿಗೆ ಜ್ವರ ಹತ್ತಿತು. ಆಗ ಅತ್ತೆಯವರ ಸರದಿ ಮೈದುನನ ಮನೆಯಲ್ಲಿ ಆಗತಾನೇ ಆರಂಭವಾಗಿತ್ತು. ವಿಷಮಶೀತ ಜ್ವರವೆಂದು ಡಾಕ್ಟರು ಹೇಳಿದರು. ಇದಕ್ಕೆ ಮದ್ದಿಗಿಂತ ಆರೈಕೆ ಮುಖ್ಯ, ಗಂಜಿನೀರು ಹೊಟ್ಟೆಗೆ ಹೋಗುತ್ತಿದ್ದರೆ ಕೂಸು ಉಳಿದೀತು, ಇಲ್ಲವಾದರೆ ಇಲ್ಲ ಎಂದರು. ಆಕೆಯನ್ನು ಮಳೆಗಾಳಿಯಲ್ಲಿ ಬೀದಿಗೆ ಒಯ್ಯಕೂಡದೆಂದೂ ಹೇಳಿದರು. ಆಕೆ ನನ್ನ ಕೈಯ ಗಂಜಿಯನ್ನು ಉಗುಳುತ್ತಿದ್ದಳು. ಬಲವಂತ ಮಾಡಿದರೆ ವಾಂತಿಯಾಗುತ್ತಿತ್ತು.

ಬೀದಿಯಲ್ಲಿ ಸುತ್ತಿಕೊಂಡು ಅತ್ತೆಯವರು ಬರಬಹುದಿತ್ತಲ್ಲವೆಂದು ಓದುವವರು ಕೇಳಬಹುದು. ಅವರ ಮೊಣಕಾಲು ಸೋತಿದ್ದವು, ಎರೆಮಣ್ಣಿನ ಕೆಸರು ಬೇರೆ. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ, ತನ್ನ ಸರದಿಯಲ್ಲಿ ತಾಯಿ ಬಜಾರಿನ ಬೀದಿ ಹಿಡಿದು ಅಣ್ಣನ ಮನೆಗೆ ಹೋದರೆ, ತಾನು ಹೊಟ್ಟೆಗೆ ಹಾಕುತ್ತಿಲ್ಲವೆಂದು ಜನ ತಿಳಿಯುತ್ತಾರೆಂಬುದು ಮೈದುನನ ಭಯ. ಬಂಡಿ ಕಳುಹಿಸಿದರೆ ತಮ್ಮನ ಸರದಿಯಲ್ಲಿ ಕೈಹಾಕಿದಂತಾಗುತ್ತದೆಂಬುದು ಯಜಮಾನರ ಸಂಕೋಚ. ಯಾರ ಕಣ್ಣಿಗೂ ಬೀಳದೆ ಬರಬಹುದಾದ ದಾರಿ ಹಿತ್ತಲಿನದೊಂದೇ ಆಗಿತ್ತು. ನಾನೇ ಕುಡುಗೋಲು ಹಿಡಿದು ಹೋದಾಗ ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೂರಿಗೆ ಸಿಕ್ಕಿಸಿದರು. ಬೈಯಲಿಲ್ಲ.

ಅತ್ತೆಯವರು ಬೇಲಿಯ ಆಚೆ ನಿಂತು ಕೂಸನ್ನು ಕೂಗಿ ಮಾತನಾಡಿಸತೊಡಗಿದರು. ನಾನು ಆಕೆಯನ್ನು ಹಿತ್ತಲ ಬಾಗಿಲಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಕೂಡುತ್ತಿದ್ದೆ. ಅವರ ದನಿ ಕೇಳುತ್ತಿರುವಷ್ಟು ಹೊತ್ತು ಒಂದೆರಡು ಗುಟುಕು ಇಳಿಯುತ್ತಿತ್ತು, ದನಿ ನಿಂತರೆ ಬಾಯಿ ಮುಚ್ಚುತ್ತಿತ್ತು. ಗಂಟಲು ಒಡೆಯುವ ತನಕ ಅವರು ಮಾತನಾಡಿದರು. ಕೆಲವು ದಿನಗಳಾದ ಮೇಲೆ ದನಿಗೂ ಕೂಸು ಕಣ್ಣು ತೆರೆಯದಾಯಿತು. ನಾನು ಬೇಲಿಯ ಹತ್ತಿರ ಹೋಗಿ ಅದನ್ನು ತಿಳಿಸಿದೆ. ಅವರು ತಿರುಗಿ ಒಳಕ್ಕೆ ಹೋದರು.

ಆ ಮಧ್ಯಾಹ್ನ ಅವರು ಕಂಬಳಿಯನ್ನು ತಲೆಯ ಮೇಲಿಂದ ಹೊದ್ದುಕೊಂಡು, ಕೊಂಬೆಗಳ ಕೆಳಗೆ ಅಂಬೆಗಾಲಿಕ್ಕಿ ನುಸುಳಿದರು. ನಾನು ನೋಡುವ ಹೊತ್ತಿಗೆ ಅರ್ಧ ಈ ಕಡೆ ಬಂದಿದ್ದರು. ಕಂಬಳಿ ಮುಳ್ಳಿಗೆ ಸಿಕ್ಕು ಹಿಂದೆಯೇ ಉಳಿಯಿತು. ಮೊಳಕೈ, ಮೀನಖಂಡ, ಪಾದ ಎಲ್ಲ ಕಡೆ ಗೀರಿ ರಕ್ತ ಬರುತ್ತಿತ್ತು. ತೊಳೆಯುತ್ತೇನೆಂದರೆ ಕೇಳಲಿಲ್ಲ, ಕೈಯನ್ನು ಮಾತ್ರ ತೊಳೆದುಕೊಂಡು ಕೂಸನ್ನು ಎತ್ತಿಕೊಂಡರು. ಬೆರಳನ್ನು ಗಂಜಿಯಲ್ಲಿ ಅದ್ದಿ ತುಟಿಗೆ ಸವರಿದರು. ಬಹಳ ಹೊತ್ತಿನ ಮೇಲೆ ಕೂಸು ಬೆರಳನ್ನು ಚೀಪಿತು.

ಸಂಜೆ ಮೈದುನನು ಬೀದಿಯಿಂದ ಬಂದು ಹೊಸ್ತಿಲ ಹೊರಗೇ ನಿಂತನು. ನನ್ನ ತಿಂಗಳಿನಲ್ಲಿ ಇಲ್ಲಿ ಉಂಡೆಯಾ ಎಂದು ತಾಯಿಯನ್ನು ಕೇಳಿದನು.

"ಉಂಡಿಲ್ಲಪ್ಪ. ಉಣಿಸಾಕ ಬಂದೀನಿ" ಎಂದರು ಅತ್ತೆಯವರು.

ಆ ಮಾತನ್ನು ಅವರು ಉಳಿಸಿಕೊಂಡರು. ನಮ್ಮ ಮನೆಯ ಅನ್ನದ ಒಂದು ಅಗುಳನ್ನೂ ಮುಟ್ಟಲಿಲ್ಲ. ನೆಗೆಣ್ಣಿ ರೊಟ್ಟಿಯ ಗಂಟನ್ನು ಬಾವಿಯ ಹಗ್ಗಕ್ಕೆ ಕಟ್ಟಿ ಬಾವಿಯ ಮೇಲಿಂದ ತೂಗಿ ಬಿಡುತ್ತಿದ್ದಳು, ನಾನು ಈ ಕಡೆ ಹಿಡಿದುಕೊಳ್ಳುತ್ತಿದ್ದೆ.

ಕೂಸು ಚೇತರಿಸಿಕೊಳ್ಳುತ್ತ ಬಂದಿತು. ಅತ್ತೆಯವರ ಪಾದದಲ್ಲಿ ಮುಳ್ಳು ಮುರಿದು ಉಳಿದಿದ್ದ ಜಾಗ ಬಾತುಕೊಳ್ಳುತ್ತ ಬಂದಿತು. ಬೇವಿನ ಎಲೆಯನ್ನೂ ಅರಿಸಿನವನ್ನೂ ಅರೆದು ಕಟ್ಟಿದೆ. ಡಾಕ್ಟರು ಕೊಯ್ದು ಕೀವು ತೆಗೆದರು. ಆದರೂ ಕೆಂಪು ಗೆರೆಯೊಂದು ತೊಡೆಯ ತನಕ ಏರಿತು, ಚಳಿಜ್ವರ ಬಂದಿತು. ಈಗಿನಂತಹ ಸೂಜಿಮದ್ದುಗಳು ಆಗ ನಮ್ಮ ಊರಿಗೆ ಬಂದಿರಲಿಲ್ಲ. ಇನ್ನು ಆಸೆ ಇಲ್ಲವೆಂದು ಡಾಕ್ಟರು ಯಜಮಾನರಿಗೆ ಹೇಳಿದರು.

ವಿಷಯ ತಿಳಿದು ಮೈದುನನು ಮತ್ತೆ ಬಂದನು. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು ತಾಯಿಯ ಕಾಲನ್ನು ನೋಡಿದನು. ತನ್ನ ತಿಂಗಳಿನಲ್ಲಿ ಅವ್ವನ ಜೀವ ಬೇರೆ ಮನೆಯಲ್ಲಿ ಹೋಗಬಾರದು ಎಂದು ಅಣ್ಣನಿಗೆ ಕೈಮುಗಿದು ಹೇಳಿಕೊಂಡನು. ಯಜಮಾನರು ಇಲ್ಲವೆನ್ನಲಿಲ್ಲ. ಆದರೆ ಹೊರಸಿನ ಮೇಲೆ ಮಲಗಿಸಿ ಬಜಾರಿನ ನಡುವೆ ಹೊತ್ತುಕೊಂಡು ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಇಬ್ಬರೂ ಹಿತ್ತಲಿಗೆ ಹೋದರು. ಯಜಮಾನರು ನಮ್ಮ ನೆಲದಲ್ಲಿ ನಿಂತು ಕೊಂಬೆಗಳ ತುದಿಯ ಬೇರುಗಳನ್ನು ಕತ್ತರಿಸಿದರು. ಮೈದುನನು ತನ್ನ ನೆಲದಲ್ಲಿ ನಿಂತು ಬುಡವನ್ನು ಕತ್ತರಿಸಿದನು. ಕೆಲಸ ಮುಗಿಯಲು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಹೊರಸನ್ನು ಎತ್ತಿಕೊಂಡು ಅಲ್ಲಿ ಹಾಯುವಾಗ ಅತ್ತೆಯವರು ಕಣ್ಣು ತೆರೆದು ಎರಡೂ ಕಡೆ ನೋಡಿದರು.

"ಇಷ್ಟು ಅಗಲ ಸಾಕಾಗಿತ್ತಲ್ಲೋ" ಎಂದರು.

ಅಮಾವಾಸ್ಯೆಗೆ ಮುಂಚೆಯೇ, ಸರದಿ ಮುಗಿಯದೆಯೇ, ಮೈದುನನ ಮನೆಯಲ್ಲಿ ಅವರು ಲಿಂಗೈಕ್ಯರಾದರು.

ಕತ್ತರಿಸಿದ ಬೇರುಗಳು ಮುಂದಿನ ಮಳೆಗೆ ಮತ್ತೆ ಚಿಗುರಿದವು. ಅಲ್ಲಿಂದ ಮುಂದೆ ಯಜಮಾನರು ನಮ್ಮ ಕಡೆಯ ಚಿಗುರನ್ನು, ಮೈದುನನು ಆ ಕಡೆಯ ಚಿಗುರನ್ನು, ಯಾರೂ ಹೇಳದೆಯೇ ಕೊಯ್ದು ಹಾಕುತ್ತಿದ್ದರು. ದಾರಿ ಎಂದೂ ಮುಚ್ಚಲಿಲ್ಲ. ಅದರಲ್ಲಿ ಓಡಾಡುವವರೂ ಇರಲಿಲ್ಲ. ನನ್ನ ಮಗಳು ಎದ್ದು ನಡೆಯುವಂತಾದ ಮೇಲೆ ಬೆಳಿಗ್ಗೆ ಆ ಕಡೆ ಹೋಗುತ್ತಿದ್ದಳು. ದಾಟಬೇಡವೆಂದು ಆಕೆಗೆ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಕಲ್ಲಿನ ಸಾಲಿನ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ಹಿಂದಿರುಗಿ ಬರುತ್ತಿದ್ದಳು.