ಸದಾನಂದನ ಕಿರುಬೆರಳು

ಯಾರಾದರೂ ದೆವ್ವ, ಮಾಟ ಎಂದು ಶುರು ಮಾಡಿದರೆ, ಕಿವಿಗೆ ಹೂ ಇಡಬೇಡಿ ಎಂದು ಎದ್ದು ಹೋಗುತ್ತಿದ್ದವನು ನಾನು. ಇದನ್ನು ಓದಿ ನೀವೂ ಹಾಗೆಯೇ ಎದ್ದು ಹೋದರೆ ನನಗೆ ಬೇಸರವಿಲ್ಲ.

ಚೆನ್ನೈಯ ಅಡ್ಯಾರಿನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಕೆಲವು ವರ್ಷಗಳ ಹಿಂದೆ ಮಗಳು ಎರಡು ಆಕ್ಸೊಲಾಟ್ಲ್ ತಂದಳು. ಗೇಣುದ್ದದ, ನಾಲ್ಕು ಕಾಲಿನ, ಕತ್ತಿನ ಸುತ್ತ ಕೆಂಪು ಕುಚ್ಚಿನಂಥ ಕಿವಿರುಳ್ಳ ನೀರಿನ ಪ್ರಾಣಿ. ಅದರ ತವರು ಮೆಕ್ಸಿಕೊದ ತಣ್ಣನೆಯ ಕೆರೆ. ಕೆರೆ ಬತ್ತಿ, ಉಳಿದ ನೀರೂ ಕೊಳೆತು, ಈಗ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟವಂತೆ. ಚೆನ್ನೈ ಸೆಕೆಗೆ ಸಾಯಬಾರದೆಂದು ತೊಟ್ಟಿಯನ್ನು ಹೋಟೆಲಿನ ಅಡುಗೆಮನೆಯಲ್ಲಿ, ಐಸ್ ಪೆಟ್ಟಿಗೆಯ ಪಕ್ಕ ಇಡಿಸಿ, ಆಗಾಗ ನೀರಿಗೆ ಐಸ್ ಹಾಕಿಸುತ್ತಿದ್ದೆ.

ನಾನು ಎಡವಿದ್ದು ಅಲ್ಲೇ. ಅಪ್ಪನ ಕಾಲದಿಂದ ನಮ್ಮ ಹೊಸ್ತಿಲೊಳಗೆ ಮಾಂಸ ಬಂದಿಲ್ಲ. ಪನೀರು, ಇಡ್ಲಿ ಚೂರು ಹಾಕಿಸಿದೆ. ಅವು ಮೂಸಿಯೂ ನೋಡಲಿಲ್ಲ.

“ಎರೆಹುಳ ತರ್ತೇನೆ ಅಣ್ಣ. ಹಸಿವಲ್ಲಿ ಒಂದನ್ನೊಂದು ತಿಂತಾವೆ ಮಾರಾಯ್ರೆ,” ಎಂದ ನಮ್ಮ ದೋಸೆಯ ಸದಾನಂದ. ಅವನ ಕೈಗುಣಕ್ಕೇ ಜನ ಬರುತ್ತಿದ್ದರು.

“ಈ ಅಡುಗೆಮನೆಗೆ ಹುಳವಾ? ನಿನಗೆ ತಲೆ ಸರಿ ಉಂಟಾ?” ಎಂದು ಗದರಿದೆ.

ಮರುದಿನ ಮಧ್ಯಾಹ್ನ ಹಿಟ್ಟು ರುಬ್ಬುವಾಗ ಅವನು ಚೀರಿದ. ಗ್ರೈಂಡರಿನ ಕಲ್ಲು ಬಲಗೈಯ ಕಿರುಬೆರಳನ್ನು ಬುಡಸಮೇತ ಕಿತ್ತಿತ್ತು. ಗೋಡೆಗೆಲ್ಲ ರಕ್ತ ಚಿಮ್ಮಿತ್ತು. ಓಡಿ ಬಂದ ನನಗೆ ತೊಟ್ಟಿಯೂ ಕಂಡಿತು: ದೊಡ್ಡದು ಚಿಕ್ಕದರ ಬಲ ಮುಂಗಾಲನ್ನು ಕಚ್ಚಿ ಕೊಡವುತ್ತಿತ್ತು. ನನ್ನ ಕಣ್ಣೆದುರೇ ಕಾಲು ಕಿತ್ತು ಬಂತು.

ಬೆರಳು ಸಿಕ್ಕರೆ ಹೊಲಿಯಬಹುದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಕೆಂಪಾದ ಹಿಟ್ಟನ್ನೆಲ್ಲ ಜಾಲಾಡಿದೆವು, ಕಲ್ಲು ಎತ್ತಿ ನೋಡಿದೆವು. ಸಿಗಲಿಲ್ಲ. ತೊಟ್ಟಿಯ ಮುಚ್ಚಳ ಹಾಕಿಯೇ ಇತ್ತು.

ಅಂದೇ ಎರೆಹುಳ ತರಿಸಿದೆ, ಕೆಟ್ಟ ಮೇಲೆ ಬುದ್ಧಿ ಬಂದಂತೆ. ಕಡಿದ ಕಾಲು ಮತ್ತೆ ಬೆಳೆಯುವುದು ಈ ಪ್ರಾಣಿಯ ಹುಟ್ಟುಗುಣ, ಅದರಲ್ಲಿ ವಿಚಿತ್ರವಿಲ್ಲ. ಎರಡು ತಿಂಗಳಲ್ಲಿ ಬೆಳೆಯಿತು. ಮುಂಗಾಲಿಗೆ ನಾಲ್ಕೇ ಬೆರಳು ಇರಬೇಕು. ಇದಕ್ಕೆ ಐದು ಬಂತು.

ಗಾಯ ಮಾಗಿ ಬಂದ ಸದಾನಂದ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತ. “ಇದು ನಂದು ಅಣ್ಣ,” ಎಂದ, ಕೋಪವೇ ಇಲ್ಲದೆ. “ಸೌಟು ಹಿಡಿತಕ್ಕೆ ಬರುದಿಲ್ಲ. ನಾನು ಊರಿಗೆ ಹೋಗ್ತೇನೆ.” ನನ್ನ ಹಟಕ್ಕೆ ಅವನ ಕೈ ಹೋಯಿತೆಂಬ ಸಂಕಟ ಇವತ್ತಿಗೂ ಇದೆ.

ಹೊಸ ಕಾಲಿನಲ್ಲಿ ಒಮ್ಮೊಮ್ಮೆ ಹೆಚ್ಚಿನ ಬೆರಳು ಬರುವುದುಂಟು ಎಂದು ತಿಳಿದವರು ಹೇಳಿದರು. ಒಪ್ಪಿದೆ. ಆದರೆ ಈ ಪ್ರಾಣಿಗೆ ಉಗುರೇ ಇರುವುದಿಲ್ಲ ಎಂದೂ ಅವರೇ ಹೇಳಿದ್ದು.

ಐದನೆಯ ಬೆರಳಿಗೆ ಉಗುರಿದೆ. ಬೆಳೆದಾಗಲೆಲ್ಲ ನಾನೇ ಕತ್ತರಿಸುತ್ತೇನೆ.